ಇಬ್ಬರೂ ಒಟ್ಟಿಗೇ ವಾಕಿಂಗ್ ಹೋಗ್ತಾರೆ, ಅಮ್ಮನ ತಲೆ ಮಾತ್ರ ಚುರುಕಾಗಿದೆ. ಯಾಕೆ?

ಮೈಸೂರಿನ ಮಗಳು:
ಅಪ್ಪನಿಗೆ 68, ಅಮ್ಮನಿಗೆ 64. ಎಂಟು ತಿಂಗಳಿಂದ ಬೆಳಿಗ್ಗೆ ಆರಕ್ಕೆ ಇಬ್ಬರೂ ಕುಕ್ಕರಹಳ್ಳಿ ಕೆರೆಗೆ ವಾಕಿಂಗ್ ಹೋಗ್ತಾರೆ. ಮೊದಲೆಲ್ಲ ಫೋನ್ ಬಂದ್ರೆ ಸಾಕು, ಅಮ್ಮನ ಒಗ್ಗರಣೆ ಸೀದುಹೋಗ್ತಿತ್ತು. ಈಗ ಒಂದು ಒಲೆಯಲ್ಲಿ ಸಾರು, ಇನ್ನೊಂದರಲ್ಲಿ ಪಲ್ಯ, ಮಧ್ಯೆ ನನ್ನ ಮಗಳಿಗೆ ಜಡೆ, ಜೊತೆಗೆ ಚಿಕ್ಕಮ್ಮನ ಹತ್ರ ಫೋನಲ್ಲಿ ಮಾತು. ಒಂದೂ ಕೆಡಲ್ಲ. ಅಪ್ಪ ಮಾತ್ರ ಇನ್ನೂ ಕನ್ನಡಕ ಹುಡುಕ್ತಾರೆ, ಮಾತ್ರೆ ತಗೊಂಡ್ನಾ ಇಲ್ವಾ ಅಂತ ನನ್ನನ್ನೇ ಕೇಳ್ತಾರೆ. ಹೋದ ವಾರ "ನಡೆದು ನನಗೇನೂ ಆಗ್ಲಿಲ್ಲ, ನಾಳೆಯಿಂದ ನೀನೊಬ್ಬಳೇ ಹೋಗು" ಅಂದುಬಿಟ್ರು. ಕೇಳಿ ಸಂಕಟ ಆಯ್ತು. ವ್ಯಾಯಾಮದಿಂದ ನೆನಪು ಹೆಚ್ಚೋದು ಹೆಂಗಸರಿಗೆ ಮಾತ್ರಾನಾ?

ಫಿಸಿಯಾಲಜಿ ಮೇಷ್ಟ್ರು:
ಇಲ್ಲಮ್ಮ. ನಿಮ್ಮ ತಾಯಿಗೆ ಹೆಚ್ಚಿರೋದು ನೆನಪಲ್ಲ. ಗಮನವನ್ನ ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳಿಸೋ ಶಕ್ತಿ. ಗಂಡು ಹೆಣ್ಣಿನ ವ್ಯತ್ಯಾಸ ಹೆಚ್ಚಾಗಿ ಕಂಡಿರೋದೂ ಅಲ್ಲೇ. 2010ರಲ್ಲಿ ಪ್ರಕಟವಾದ ಅಮೆರಿಕದ ಸಿಯಾಟಲ್‌ನ ಒಂದು ಅಧ್ಯಯನದಲ್ಲಿ ಸಣ್ಣ ಮರೆವು ಶುರುವಾಗಿದ್ದ 33 ಜನ ಇದ್ರು. ಆರು ತಿಂಗಳು ಏರೋಬಿಕ್ ವ್ಯಾಯಾಮ, ಅಂದ್ರೆ ಎದೆಬಡಿತ ಏರಿಸೋ ವ್ಯಾಯಾಮ ಮಾಡಿದ ಹೆಂಗಸರು ಈ ಥರದ ಹಲವು ಪರೀಕ್ಷೆಗಳಲ್ಲಿ ಸುಧಾರಿಸಿದ್ರು, ಅವರ ರಕ್ತದಲ್ಲಿ ಇನ್ಸುಲಿನ್, ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಕೂಡ ಇಳಿದಿತ್ತು. ಗಂಡಸರಿಗೆ ಸಿಕ್ಕಿದ್ದು ಕಡಿಮೆ. ಆದ್ರೆ ನೆನಪಿನ ಪರೀಕ್ಷೆಯಲ್ಲಿ ಹೆಂಗಸರಿಗೂ ಏನೂ ಬದಲಾಗಿರಲಿಲ್ಲ!

ಇನ್ನು ನೆನಪಿನ ವಿಷಯ. ಅದಕ್ಕೆ ಬೇಕಾದ ಮಿದುಳಿನ ಭಾಗ ಹಿಪೊಕ್ಯಾಂಪಸ್, ಅದು ವಯಸ್ಸಾದ ಹಾಗೆ ಕುಗ್ಗುತ್ತೆ. 2011ರಲ್ಲಿ ಅಮೆರಿಕದಲ್ಲಿ 120 ಹಿರಿಯರ ಮೇಲಿನ ಅಧ್ಯಯನ ಬಂತು. ವಾರಕ್ಕೆ ಮೂರು ದಿನ, 40 ನಿಮಿಷದ ಹಾಗೆ ಒಂದು ವರ್ಷ ನಡೆದವರಲ್ಲಿ ಅದು ಶೇ 2ರಷ್ಟು ದೊಡ್ಡದಾಗಿತ್ತು, ಬರೀ ಸ್ಟ್ರೆಚಿಂಗ್ ಮಾಡಿದವರಲ್ಲಿ ಕುಗ್ಗಿತ್ತು. ನಡೆದವರಲ್ಲಿ ಗಂಡಸರೂ ಇದ್ರು. ದಯವಿಟ್ಟು ಅಪ್ಪನನ್ನ ನಿಲ್ಲಿಸೋಕೆ ಬಿಡಬೇಡಿ.

ಹಾಸನದ ಫಿಸಿಯೋ:
ಅಪ್ಪ ಹೇಗೆ ನಡೀತಾರೆ ಅಂತ ಒಂದಿನ ಹಿಂದೆ ಹೋಗಿ ನೋಡಿ. ಸಿಯಾಟಲ್‌ನವರು ವಾರಕ್ಕೆ ನಾಲ್ಕು ದಿನ, 45ರಿಂದ 60 ನಿಮಿಷ, ಏದುಸಿರು ಬರೋ ಹಾಗೆ ಮಾಡಿಸಿದ್ರು. ಎರಡು ಮಾತಾಡೋಕಾಗಬೇಕು, ಹಾಡೋಕಾಗಬಾರದು, ಅಷ್ಟಾದ್ರೂ ವೇಗ ಇರಲಿ. ಹೃದಯದ ತೊಂದರೆ ಇದ್ರೆ ಡಾಕ್ಟರನ್ನ ಕೇಳಿಯೇ ಜೋರು ಮಾಡಿ. ಜೊತೆಗೆ ವಿಟಮಿನ್ ಬಿ12, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಬಹಳ, ಅದರಿಂದಲೂ ಮರೆವು ಬರುತ್ತೆ.

ಮೈಸೂರಿನ ಮಗಳು:
ಇವತ್ತು ಜೊತೆಗೆ ಹೋಗಿದ್ದೆ. ಅಮ್ಮ ಸೆರಗು ಸಿಕ್ಕಿಸಿಕೊಂಡು ಒಂದೇ ಉಸಿರಿಗೆ ಹೊರಟುಹೋದ್ರು. ಅಪ್ಪ ಸಿಕ್ಕಿದವರನ್ನೆಲ್ಲ ಮಾತಾಡಿಸಿ, ಬೆಂಚು ಕಂಡಲ್ಲಿ ಕೂತು, ಏರಿ ಮೇಲೆ ನಿಂತು ಹೆಜ್ಜಾರ್ಲೆ ಎಣಿಸ್ತಾ ಇದ್ರು. "ಇವತ್ತು ಹದಿನಾಲ್ಕು. ಹೋದ ಭಾನುವಾರ ಹನ್ನೊಂದೇ ಇದ್ದಿದ್ದು, ಗುರುವಾರ ಒಂಬತ್ತು" ಅಂದ್ರು. ನಾನು ಕೈ ಹಿಡ್ಕೊಂಡು ಸ್ವಲ್ಪ ಜೋರಾಗಿ ನಡೆಸಿದೆ. ನಾಳೆ ರಕ್ತ ಪರೀಕ್ಷೆಗೆ ಕರ್ಕೊಂಡು ಹೋಗ್ತಿದ್ದೀನಿ.