'ಸ್ಕಿನ್'ಗೆ ಪೊರೆ ಅನ್ನಬಹುದಾ? 'ಕಂಟ್ರೋಲ್'ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಒಂದು ಚಿಕ್ಕ ಡೆಸ್ಕ್‌ಟಾಪ್ ಪ್ರೋಗ್ರಾಮಿನ ಸಹಾಯ ಪುಟಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮುಕ್ಕಾಲು ಪಾಲು ಸಲೀಸಾಗಿ ಮುಗಿಯಿತು. 'ತೋರಿಕೆ' ಅನ್ನುವ ಅಧ್ಯಾಯಕ್ಕೆ ಬಂದು ಗಾಡಿ ನಿಂತಿದೆ. ಬಟನ್, ಚೆಕ್‌ಬಾಕ್ಸ್, ಸ್ಲೈಡರ್ (ಇಂಥವನ್ನೆಲ್ಲ ಒಟ್ಟಾಗಿ ಕಂಟ್ರೋಲ್ ಅನ್ನುತ್ತಾರೆ) ಇವುಗಳ ಬಣ್ಣ, ಅಂಚು, ಆಕಾರವನ್ನು ಬೇಕಾದ ಹಾಗೆ ಬದಲಿಸಿಕೊಳ್ಳುವುದು ಹೇಗೆ ಅಂತ ಹೇಳುವ ಅಧ್ಯಾಯ ಅದು. ಸ್ಕಿನ್, ಥೀಮ್, ಸ್ಟೈಲ್, ಕಂಟ್ರೋಲ್ ನಾಲ್ಕೂ ಒಂದೇ ಪ್ಯಾರಾದಲ್ಲಿ ಬರುತ್ತವೆ.

ಬೇರೆಯವರು ಏನು ಮಾಡಿದ್ದಾರೆ ನೋಡೋಣ ಅಂತ ಇನ್ನೊಂದು ಪ್ರೋಗ್ರಾಮನ್ನು ಕನ್ನಡದಲ್ಲಿ ತೆರೆದೆ. ಮೆನುವಿನಲ್ಲಿ 'ವಿಷಯ ಬದಲಿಸಿ' ಅಂತ ಇತ್ತು. ನಾನೇನೋ ಬೇಡದ ಮಾತು ಎತ್ತಿದ ಹಾಗೆ! ಥೀಮ್ ಅಂದರೆ ವಿಷಯ ಅಂತ ಡಿಕ್ಷನರಿ ನೋಡಿ ಹಾಕಿಬಿಟ್ಟಿದ್ದಾರೆ. ಅದರ ಕೆಳಗೇ 'ಚರ್ಮ ಆರಿಸಿ' ಅಂತ ಬೇರೆ. ಚಪ್ಪಲಿ ಹೊಲಿಸಲು ಹೋದವರಿಗೆ ಕೇಳುವ ಮಾತು ಅದು.

ಥೀಮ್ ಅನ್ನು ಥೀಮ್ ಅಂತಲೇ ಬಿಟ್ಟಿದ್ದೇನೆ. ಫೋನ್ ಹಿಡಿದವರೆಲ್ಲ ಆ ಪದ ಬಲ್ಲರು. ಸ್ಟೈಲ್‌ಗೆ ಶೈಲಿ ಸಾಕು. ತಲೆ ಕೆಡಿಸಿರುವುದು ಸ್ಕಿನ್, ಅಂದರೆ ಪ್ರೋಗ್ರಾಮಿನ ಹೊರನೋಟವನ್ನೇ ಬದಲಿಸುವ ಚಿತ್ರಗಳ ಕಟ್ಟು.

ಥೀಮ್‌ಗೂ ಸ್ಕಿನ್‌ಗೂ ಇರುವ ವ್ಯತ್ಯಾಸ ಪದದಲ್ಲೇ ಕಾಣಬೇಕು ಅನ್ನುವುದು ನನ್ನ ಹಟ. ಥೀಮ್ ಬದಲಿಸಿದರೆ ಸಾಮಾನ್ಯವಾಗಿ ಬಣ್ಣ, ಅಕ್ಷರ, ಅಂಚು ಬದಲಾಗುತ್ತವೆ; ಬಟನ್ನಿನ ಚಿತ್ರ ಬರೆಯುವ ಕೆಲಸ ಕೋಡ್‌ನದ್ದೇ. ಸ್ಕಿನ್ ಹಾಗಲ್ಲ. ಹಾಡು ಕೇಳಲು ಬಳಸುತ್ತಿದ್ದ ವಿನ್‌ಆಂಪ್ ಪ್ರೋಗ್ರಾಮ್ ನೆನಪಿದೆಯಲ್ವಾ? ಅದರ ಹಳೇ ಸ್ಕಿನ್ ಅಂದರೆ ಹೆಸರು ಬದಲಿಸಿದ ಒಂದು ಜಿಪ್ ಫೈಲ್, ಅಷ್ಟೇ. ಬಿಚ್ಚಿದರೆ ಒಳಗೆ ಬಿಟ್‌ಮ್ಯಾಪ್ ಚಿತ್ರಗಳು. ಮುಖ್ಯ ವಿಂಡೋಗೆ 275 ಪಿಕ್ಸೆಲ್ ಅಗಲ, 116 ಪಿಕ್ಸೆಲ್ ಎತ್ತರದ ಒಂದು ಚಿತ್ರ. ಪ್ಲೇ, ಪಾಸ್, ಸ್ಟಾಪ್ ಗುಂಡಿಗಳಿಗೆ ಇನ್ನೊಂದು ಚಿತ್ರ. ಅದರ ಮೇಲಿನ ಸಾಲಿನಲ್ಲಿ ಸುಮ್ಮನಿರುವ ಗುಂಡಿಗಳು, ಕೆಳಗಿನ ಸಾಲಿನಲ್ಲಿ ಒತ್ತಿದ ಗುಂಡಿಗಳು. ನೀವು ಕ್ಲಿಕ್ ಮಾಡಿದಾಗ ಮೇಲಿನ ತುಂಡಿನ ಜಾಗಕ್ಕೆ ಕೆಳಗಿನ ತುಂಡು ಬಂದು ಕೂರುತ್ತದೆ. ಗುಂಡಿ ಒಳಗೆ ಹೋದಂತೆ ಕಾಣುವುದು ಅದರಿಂದ.

ಅಂದರೆ ಚಿತ್ರವೇ ಗುಂಡಿ. ಅದರ ಅಡಿಯಲ್ಲಿ 'ನಿಜವಾದ' ಗುಂಡಿ ಅಡಗಿ ಕೂತಿಲ್ಲ. ಅದಕ್ಕೇ 'ಹೊದಿಕೆ' ನನಗೆ ಒಪ್ಪಲಿಲ್ಲ. ಹೊದಿಕೆ ತೆಗೆದರೆ ಕೆಳಗೆ ಏನೋ ಕಾಣಬೇಕು. 'ವೇಷ' ಚೆನ್ನಾಗಿದೆ. ಹಾಕಬಹುದು, ಕಳಚಬಹುದು, ಕ್ರಿಯಾಪದಗಳು ತಾವಾಗೇ ಬಂದು ಕೂಡುತ್ತವೆ. ಆದರೆ ವೇಷ ಅಂದಕೂಡಲೇ ಎಲ್ಲೋ ಒಂದು ಮೋಸದ ವಾಸನೆ ಬರುತ್ತದೆ. 'ವೇಷ ಮರೆಸಿಕೊಂಡ ಪ್ರೋಗ್ರಾಮ್' ಅಂದರೆ ವೈರಸ್ ಅಂದುಕೊಂಡಾರು.

ಕೊನೆಗೆ ಹೊಳೆದದ್ದು ಪೊರೆ. ಹಾವು ಪೊರೆ ಕಳಚುತ್ತದಲ್ಲ, ಆ ಪೊರೆ. ಹಳೆಯದು ಹೋಗಿ ಹೊಸದು ಬಂದರೂ ಹಾವು ಅದೇ, ಅದರ ನಡೆಯೂ ಅದೇ. 'ಪೊರೆ ಬದಲಿಸಿ' ಅಂತ ಬರೆದು ತಂಗಿಗೆ ತೋರಿಸಿದೆ. "ಕಣ್ಣು ಡಾಕ್ಟರ ಪ್ರೋಗ್ರಾಮಾ?" ಅಂದಳು. ಕಣ್ಣಿನ ಪೊರೆ ನನ್ನ ತಲೆಗೇ ಬಂದಿರಲಿಲ್ಲ. ಇನ್ನೊಂದು ತೊಡಕೂ ಇದೆ: ಹಾವು ಬೇರೆ ಹಾವಿನ ಪೊರೆ ತೊಡುವುದಿಲ್ಲ. ಇಲ್ಲಿ ಯಾರೋ ಮಾಡಿಟ್ಟ ಪೊರೆಯನ್ನು ಇಳಿಸಿಕೊಂಡು ಹಾಕಿಕೊಳ್ಳುತ್ತೇವೆ. ಆದರೂ ನನ್ನ ಓಟು ಇದಕ್ಕೇ.

ಇನ್ನು ಕಂಟ್ರೋಲ್. 'ನಿಯಂತ್ರಣ' ಅಂತ ಹಾಕುವುದು ರೂಢಿ. ಕನ್ನಡದಲ್ಲಿ ನಿಯಂತ್ರಣ ಅಂದರೆ ಹತೋಟಿ. ಅದು ತಪ್ಪುತ್ತದೆ, ಸಿಗುತ್ತದೆ. ಅದಕ್ಕೆ ಅಂಚೂ ಇಲ್ಲ, ಮೂಲೆಯೂ ಇಲ್ಲ. 'ನಿಯಂತ್ರಣದ ಮೂಲೆಗಳನ್ನು ದುಂಡಗೆ ಮಾಡಿ' ಅಂತ ಬರೆದು ನಾನೇ ನಕ್ಕೆ. ಹೋಗಲಿ, ಕಂಟ್ರೋಲ್ ಅಂತಲೇ ಇಡೋಣ ಅಂದರೆ 'ಕಂಟ್ರೋಲ್ ಒತ್ತಿ' ಅಂದಾಗ ಓದುವವರ ಕೈ ಸೀದಾ ಕೀಬೋರ್ಡಿನ ಮೂಲೆಗೆ ಹೋಗುತ್ತದೆ! ವಿಂಡೋ, ಗುಂಡಿ ಕಟ್ಟಲು ಪ್ರೋಗ್ರಾಮರುಗಳಿಗೆ ಜಿಟಿಕೆ, ಕ್ಯೂಟಿ ಅನ್ನುವ ಸಲಕರಣೆಗಳಿವೆ; ಅವನ್ನು ಬಳಸುವವರು ಕಂಟ್ರೋಲ್‌ಗೆ ವಿಜೆಟ್ ಅನ್ನುತ್ತಾರೆ. ಸದ್ಯಕ್ಕೆ ನಾನೂ ಅದನ್ನೇ ಹಾಕಿದ್ದೇನೆ. ಆದಷ್ಟೂ ಕಡೆ 'ಗುಂಡಿ, ಪಟ್ಟಿ ಮುಂತಾದವು' ಅಂತ ಬಿಡಿಸಿ ಬರೆದಿದ್ದೇನೆ. ಗುಂಡಿಗೆ ರಸ್ತೆ ಗುಂಡಿಯ ಆಕ್ಷೇಪ ಯಾವಾಗಲೂ ಇದ್ದದ್ದೇ. 'ಒತ್ತಿ' ಪಕ್ಕದಲ್ಲಿದ್ದರೆ ಗೊಂದಲವಿಲ್ಲ. ನೆರಳಿನ ವಿಷಯ ಬಂದಾಗ ಮಾತ್ರ 'ಗುಂಡಿಯ ಆಳ 2 ಪಿಕ್ಸೆಲ್' ಅಂತ ಬರೆಯದೆ ತಪ್ಪಿಸಿಕೊಂಡೆ.

'ಅರೆಪೊರೆ' ಅಂತಲೂ ಒಂದು ಪದ ಬೇಕಾಗಿದೆ, ತಮಾಷೆಯಲ್ಲ. 2006ರ ಕ್ಯೂಟಿ 4.2ರಿಂದ ಸ್ಟೈಲ್‌ಶೀಟ್ (ಬಣ್ಣ, ಅಂಚು ಹೀಗಿರಲಿ ಅಂತ ಹೇಳುವ ಸಾಲುಗಳು) ಬರೆದು ವಿಜೆಟ್ ಅಲಂಕರಿಸಬಹುದು. ಗುಂಡಿಗೆ ಹಿನ್ನೆಲೆ ಬಣ್ಣ ಒಂದನ್ನೇ ಕೊಟ್ಟರೆ ಕೆಲವೊಮ್ಮೆ ಅದು ಕಾಣುವುದೇ ಇಲ್ಲ. ಸಿಸ್ಟಮ್ ತನ್ನ ಅಂಚಿನ ಜೊತೆ ತನ್ನದೇ ಗುಂಡಿಯನ್ನು ಮೇಲೆ ಚಿತ್ರಿಸಿಬಿಡುತ್ತದೆ. ಅಂಚನ್ನೂ ನೀವೇ ಹೇಳಿದರೆ ಬಣ್ಣ ಬರುತ್ತದೆ. ಇಳಿಪಟ್ಟಿಯಲ್ಲಿ (ಡ್ರಾಪ್‌ಡೌನ್) ಇನ್ನೂ ಪೇಚು: ಬಾಣ ಕೂರುವ ಜಾಗಕ್ಕೆ ಅಂಚು ಕೊಟ್ಟೆ, ಬಾಣವೇ ಮಾಯ. ಅದಕ್ಕೂ ಚಿತ್ರ ಕೊಡಬೇಕಾಯಿತು. ಅರ್ಧ ಸಿಸ್ಟಮಿನದು, ಅರ್ಧ ನಮ್ಮದು ಆಗಿ ನಿಂತ ಈ ಸ್ಥಿತಿಯನ್ನು ಒಂದೇ ಪದದಲ್ಲಿ ಹೇಳುವುದು ಹೇಗೆ?

ಗುಂಡಿಯ ಅವಸ್ಥೆಗಳಿಗೆ ಮಾತ್ರ ಕನ್ನಡ ಕೈ ಬಿಡಲಿಲ್ಲ. ಒತ್ತಿದಾಗ, ಮೌಸ್ ಮೇಲೆ ಸುಳಿದಾಗ, ಮಂಕಾದಾಗ. 'ಸುಳಿ' ಸಿಕ್ಕಾಗ ಖುಷಿಯಾಯಿತು. 'ನಿಷ್ಕ್ರಿಯ' ಅಂತ ಎಲ್ಲ ಕಡೆ ಇದ್ದರೂ ಕಣ್ಣಿಗೆ ಕಾಣುವುದು ಮಂಕಾದದ್ದೇ, ಅದನ್ನೇ ಇಟ್ಟೆ.

ಉಳಿದದ್ದು ಫೋಕಸ್. ಟ್ಯಾಬ್ ಒತ್ತುತ್ತಾ ಹೋದರೆ ಒಂದೊಂದೇ ವಿಜೆಟ್ ಸುತ್ತ ಗೆರೆ ಬರುತ್ತದಲ್ಲ, ಅದು. ಚಂದ ಕಾಣಲಿ ಅಂತ ಜನ ಮೊದಲು ಅಳಿಸುವುದೇ ಆ ಗೆರೆಯನ್ನು. ಮೌಸ್ ಬಳಸದವರಿಗೆ ಆಮೇಲೆ ತಾವೆಲ್ಲಿದ್ದೇವೆ ಅಂತಲೇ ತಿಳಿಯುವುದಿಲ್ಲ. ಹಾಗಾಗಿ 'ಇದನ್ನು ಅಳಿಸಬೇಡಿ' ಅಂತ ದಪ್ಪ ಅಕ್ಷರದಲ್ಲಿ ಹೇಳಬೇಕು. 'ಗಮನ' ಅಂದರೆ ಯಾರಿಗೂ ಅರ್ಥವಾಗಲ್ಲ. 'ಸರದಿ ಗೆರೆ' ಅಂತ ಬರೆದಿಟ್ಟಿದ್ದೇನೆ, ಈಗ ಯಾರ ಸರದಿ ಅಂತ ತೋರಿಸುವ ಗೆರೆ. ಹಿಂದುಮುಂದು ಗೊತ್ತಿಲ್ಲದೆ 'ಸರದಿ ಗೆರೆ' ಅನ್ನುವ ಈ ಎರಡು ಪದ ಓದಿದರೆ ನಿಮಗೆ ಏನು ತೋಚುತ್ತದೆ, ಹೇಳಿ.