ಅಪ್‌ಡೇಟ್: ಅವ್ವನ ಗೃಹಲಕ್ಷ್ಮಿ ರೊಕ್ಕದ ವಿಷಯ

ಎಲ್ರಿಗೂ ನಮಸ್ಕಾರ್ರಿ. ಅಪ್ಪ ಹುಬ್ಬಳ್ಯಾಗ ಬಟ್ಟಿ ಹೋಲ್‌ಸೇಲ್ ಚಾಲೂ ಮಾಡಿ ಜಿಎಸ್‌ಟಿ ರಿಟರ್ನ್ ಹಾಕಾಕತ್ತಿದ ಮ್ಯಾಲೂ ಅವ್ವನ ಖಾತೆಕ್ಕ 2000 ರೂಪಾಯಿ ಬೀಳಾಕತ್ತಾವು, ಏನ್ ಮಾಡೂಣು ಅಂತ ಕೇಳಿದ್ನಲ್ರಿ, ಅದರ ಮುಂದಿನ ಕಥಿ ಇದು.

ಭಾಳ ಮಂದಿ ಸುಮ್ನಿರು, ಬರೂ ರೊಕ್ಕ ಯಾಕ ಬ್ಯಾಡಂತಿ ಅಂದ್ರಿ. ನಂಗೇನೋ ಅದು ಸರಿ ಅನಸಲಿಲ್ಲ, ಯಾಕಂದ್ರ ಯಜಮಾನಿ ಆಗ್ಲಿ ಆಕಿ ಗಂಡ ಆಗ್ಲಿ ಇನ್‌ಕಮ್ ಟ್ಯಾಕ್ಸ್ ಕಟ್ಟೋರಿದ್ರ ಇಲ್ಲಾ ಜಿಎಸ್‌ಟಿ ರಿಟರ್ನ್ ಹಾಕೋರಿದ್ರ ಈ ಯೋಜನೆ ಸಿಗಂಗಿಲ್ಲ ಅಂತ ರೂಲ್ಸಿನ್ಯಾಗ ಸ್ಪಷ್ಟ ಐತಿ, ನಾಳೆ ಒಮ್ಮೆಲೇ ಎಲ್ಲಾ ವಾಪಸ್ ಕಟ್ರಿ ಅಂದ್ರ ಯಾರ್ ಓಡ್ಯಾಡೋರು? ರೇಷನ್ ಕಾರ್ಡ್ ಬಿಪಿಎಲ್‌ನಿಂದ ಎಪಿಎಲ್ ಮಾಡಿಸಿದ್ರ ಮುಗೀತು ಅಂದವ್ರಿಗೆ ಒಂದ್ ಮಾತು, ಗೃಹಲಕ್ಷ್ಮಿ ಎಪಿಎಲ್‌ನವ್ರಿಗೂ ಐತ್ರಿ, ಇಲ್ಲಿ ಅಡ್ಡ ಬಂದಿದ್ದು ಜಿಎಸ್‌ಟಿ.

ಅವ್ವನ್ನ ಕರ್ಕೊಂಡು ಸಿಡಿಪಿಒ (ಮಹಿಳಾ ಮತ್ತು ಮಕ್ಕಳ ಇಲಾಖೆಯ ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಆಫೀಸಿಗೆ ಹೋದೆ. ಯಾವ ತಿಂಗಳಿಂದ ರಿಟರ್ನ್ ಚಾಲೂ ಆತು, ಆಮ್ಯಾಲೆ ಎಷ್ಟು ಕಂತು ಬಂದಾವು ಅಂತ ಅರ್ಜಿ ಬರದು, ಪಾಸ್‌ಬುಕ್, ರೇಷನ್ ಕಾರ್ಡ್, ಆಧಾರ್ ಝೆರಾಕ್ಸ್ ಹಚ್ಚಿ ಕೊಟ್ಟು, ನಮ್ಮ ಕಾಪಿ ಮ್ಯಾಲೆ ಸೀಲ್ ಹಾಕಿಸ್ಕೊಂಡ್ವಿ (ಸೀಲ್ ಮಾತ್ರ ಬಿಡಬ್ಯಾಡ್ರಿ). ಮೊದ್ಲು ಬಂದ್ ಮಾಡಸ್ತೇವಿ, ವಾಪಸ್ ಕಟ್ಟೂದರ ಬಗ್ಗೆ ಬರವಣಿಗಿಯೊಳಗ ತಿಳಸ್ತೇವಿ ಅಂದ್ರು. ಅದಕ್ಕ ಯಾರ ಕೈಯಾಗೂ ನಗದು ಕೊಟ್ಟಿಲ್ಲ, ರೊಕ್ಕ ತಗದು ಇಟ್ಟೇವಿ. ಅವ್ವ ಅದರಾಗ ಮಿಕ್ಸರ್ ತಗೊಂಡಿದ್ಲು, ಅಷ್ಟನ್ನ ಅಪ್ಪ ಗೊಣಗಿಕೋಂತ ತುಂಬಿ ಕೊಟ್ಟ.

ಬಿಪಿಎಲ್ ಕಾರ್ಡಿಂದು ಬ್ಯಾರೇನ ಐತಿ, ವರ್ಷದ ಆದಾಯ ಅದರ 1.2 ಲಕ್ಷದ ಮಿತಿ ದಾಟೇತಿ, ಅದಕ್ಕ ಮುಂದಿನ ವಾರ ಆಹಾರ ಇಲಾಖೆಗೆ ಹೊಂಟೇವಿ.