ಪಿಒ (ಪರ್ಚೇಸ್ ಆರ್ಡರ್) ಇಲ್ಲದೆ ಮಾಲು ತರಿಸೋ ಸಹೋದ್ಯೋಗಿ: ಪರ್ಚೇಸ್‌ನವರು ಏನು ಮಾಡಬೇಕು?

ಪ್ರಶ್ನೆ: ಸರ್, ಪೀಣ್ಯದ ಒಂದು ಮೆಷಿನಿಂಗ್ ಯೂನಿಟ್‌ನಲ್ಲಿ ಪರ್ಚೇಸ್ ನೋಡ್ಕೋತೀನಿ. ₹10,000 ದಾಟಿದ್ರೆ ಮೂರು ಕೊಟೇಶನ್, ಮೂವರ ಸಹಿ ಅಂತ ರೂಲ್ ಇದೆ. ಪ್ರೊಡಕ್ಷನ್ ಇನ್‌ಚಾರ್ಜ್ ಮಾತ್ರ ಸಪ್ಲೈಯರ್‌ಗೆ ನೇರ ಫೋನ್ ಮಾಡಿ ಮಾಲು ತರಿಸಿಬಿಡ್ತಾರೆ. ಬಿಲ್ ಬಂದಮೇಲೆ ‘ಹಿಂದಿನ ತಾರೀಖು ಹಾಕಿ ಪಿಒ ಮಾಡಿಕೊಡಮ್ಮ’ ಅಂತಾರೆ. ಹಿರಿಯರು, ಜಗಳ ಆಡೋಕಾಗಲ್ಲ.

ಉತ್ತರ: ಹಿಂದಿನ ತಾರೀಖಿನ ಪಿಒ ಮಾತ್ರ ಖಂಡಿತ ಬೇಡ ಮೇಡಂ. ಆಡಿಟರ್ ನಾಳೆ ಕೇಳೋದು ಸಹಿ ಹಾಕಿದ ನಿಮ್ಮನ್ನೇ. ಇವತ್ತಿನ ತಾರೀಖೇ ಹಾಕಿ, ‘ಮಾಲು ಇಂಥ ದಿನ ಬಂದಿದೆ, ಆರ್ಡರ್ ಕೊಟ್ಟವರು ಇಂಥವರು’ ಅಂತ ಬರೆದು ಅವರ ಸಹಿಗೆ ಕಳಿಸಿ.

ಆಮೇಲೆ ಮೂರು ತಿಂಗಳ ಇಂಥ ಬಿಲ್‌ಗಳನ್ನ ತೆಗೆದು, ಏನು ಮಾಲು, ಎಷ್ಟು, ಯಾಕೆ ಅರ್ಜೆಂಟ್ ಅಂತ ಒಂದು ಹಾಳೆಯಲ್ಲಿ ಬರ್ಕೊಳ್ಳಿ. ಇನ್ಸರ್ಟ್ (ಲೋಹ ಕತ್ತರಿಸೋ ಟೂಲ್‌ನ ತುದಿ), ಕೂಲೆಂಟ್, ಆಯಿಲ್ ಸೀಲ್ ಥರದವೇ ಮತ್ತೆ ಮತ್ತೆ ಬಂದಿದ್ರೆ ತಪ್ಪು ನಿಮ್ಮ ರೂಲ್‌ನಲ್ಲೂ ಇದೆ. ಸೆಕೆಂಡ್ ಶಿಫ್ಟ್‌ನಲ್ಲಿ ಇನ್ಸರ್ಟ್ ಮುಗಿದು ಮೆಷಿನ್ ನಿಂತಾಗ ಮೂರು ಸಹಿಗೆ ಯಾರು ಕಾಯ್ತಾರೆ? ಅವಕ್ಕೆ ವರ್ಷದ ದರ ಮೊದಲೇ ಗೊತ್ತುಮಾಡಿ ರೇಟ್ ಕಾಂಟ್ರಾಕ್ಟ್ ಮಾಡಿ, ಓಪನ್ ಪಿಒ, ಅಂದ್ರೆ ಬೇಕಾದಾಗೆಲ್ಲ ಮಾಲು ತರಿಸಿಕೊಳ್ಳೋ ಒಂದೇ ಪಿಒ ಕೊಡಿ. ಕನಿಷ್ಠ ಸ್ಟಾಕ್ ಎಷ್ಟು ಅಂತ ಸ್ಟೋರ್‌ನ ಬಿನ್ ಮೇಲೆ ಬರೆಸಿ. ಬ್ರೇಕ್‌ಡೌನ್‌ಗೆ ವಾಟ್ಸಾಪ್‌ನಲ್ಲಿ ಒಬ್ಬರ ಒಪ್ಪಿಗೆ ಸಾಕು, ಮೊತ್ತಕ್ಕೆ ಮಿತಿ ಇರಲಿ, 24 ಗಂಟೆಯೊಳಗೆ ಪಿಒ ಆಗಲಿ.

ಇಷ್ಟಾದಮೇಲೂ ನಿಲ್ಲದಿದ್ರೆ ಗೇಟ್‌ನಲ್ಲಿ ಹಿಡೀರಿ. ಡೆಲಿವರಿ ಚಲನ್ ಮೇಲೆ ಪಿಒ ನಂಬರ್ ಇಲ್ಲದ ಮಾಲನ್ನ ಇನ್‌ವರ್ಡ್ ಮಾಡಲ್ಲ (ಒಳಗೆ ತಗೊಳ್ಳಲ್ಲ) ಅಂತ ಎಂ.ಡಿ. ಸಹಿ ಇರೋ ಪತ್ರ ಸಪ್ಲೈಯರ್‌ಗಳಿಗೆ ಒಂದು ತಿಂಗಳು ಮೊದಲೇ ಹೋಗಲಿ. ಮಾಲು ವಾಪಸ್ ಹೊತ್ಕೊಂಡು ಹೋಗಬೇಕು ಅಂತಾದ್ರೆ ಅವರೇ ಫೋನ್‌ನಲ್ಲಿ ‘ಪಿಒ ನಂಬರ್ ಹೇಳಿ ಸಾರ್’ ಅಂತಾರೆ.

ಪ್ರಶ್ನೆ: ಈಗ ಅಂಥದೇ ಒಂದು ಬಿಲ್ ತಡೆಹಿಡಿದಿದ್ದೀವಿ. ಸರೀನಾ?

ಉತ್ತರ: ಮಾಲು ಬಳಸಿಬಿಟ್ಟಿದ್ರೆ ದುಡ್ಡು ಕೊಟ್ಟುಬಿಡಿ. ಸಪ್ಲೈಯರ್ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ನೋಂದಣಿ) ಇರೋ ಸೂಕ್ಷ್ಮ ಅಥವಾ ಸಣ್ಣ ತಯಾರಕರಾದ್ರೆ 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಅನ್ವಯಿಸುತ್ತೆ. ದುಡ್ಡು ಕೊಡೋ ಗಡುವು, ಲಿಖಿತ ಒಪ್ಪಂದ ಇದ್ರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ರೆ 15 ದಿನ. ಬಾಯಿಮಾತಿನ ಆರ್ಡರ್‌ನಿಂದ ಕಂಪನಿಗೆ ಆಗೋ ದೊಡ್ಡ ನಷ್ಟ ಇದೇ. ತಡವಾದ್ರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಗಡುವು ಮೀರಿ ಮಾರ್ಚ್ 31ಕ್ಕೂ ಬಾಕಿ ಉಳಿದ್ರೆ ಆ ವರ್ಷದ ತೆರಿಗೆ ಲೆಕ್ಕದಲ್ಲಿ ಅದು ಖರ್ಚಾಗಿ ಸೇರಲ್ಲ. ಮಾಲೇ ಸರಿಯಿಲ್ಲ ಅಂದ್ರೆ, ಬಂದ 15 ದಿನದೊಳಗೆ ಲಿಖಿತವಾಗಿ ಆಕ್ಷೇಪ ಕಳಿಸಿ.

ಇನ್‌ಚಾರ್ಜ್ ಹತ್ತಿರ ಮಾತಾಡುವಾಗ ಈ 15 ದಿನದ ಲೆಕ್ಕದಿಂದಲೇ ಶುರುಮಾಡಿ. ಮೀಟಿಂಗ್‌ನಲ್ಲಿ ಎಲ್ಲರೆದುರು ಬೇಡ. ಅವರೊಬ್ಬರೇ ಇದ್ದಾಗ ಆ ಹಾಳೆ ಮುಂದಿಟ್ಟು, ‘ಸರ್, ಇದರಲ್ಲಿ ಯಾವ್ಯಾವುದಕ್ಕೆ ಓಪನ್ ಪಿಒ ಬೇಕು, ಟಿಕ್ ಹಾಕಿಕೊಡಿ’ ಅನ್ನಿ.